ಪಿಸ್ತೂಲಿನ ರಾಡು ಲೇತ್ ಅಂಗಡಿಯ ಕೆಲಸವಲ್ಲ!

ಸಿಂಧನೂರು: ಟ್ರ್ಯಾಕ್ಟರಿನ ಪಿನ್ನು ಮುರಿಯಲಿ, ರೈಸ್ ಮಿಲ್ಲಿನ ಶಾಫ್ಟು ಸವೆಯಲಿ, ಇಲ್ಲಿಯ ಲೇತ್ ಅಂಗಡಿಯವರು ಸಂಜೆಯೊಳಗೆ ಹೊಸದು ಕಡೆದು ಕೈಗಿಡುತ್ತಾರೆ. ಆದರೆ ಒಂದು ಕೆಲಸಕ್ಕೆ ಮಾತ್ರ ಅವರು ಕೈ ಹಾಕಬಾರದು.

ಪರಿಚಯದ ಗೌಡರೊಬ್ಬರು ಬಂದರೆಂದೇ ಇಟ್ಟುಕೊಳ್ಳಿ. ಕರವಸ್ತ್ರದ ಗಂಟು ಬಿಚ್ಚಿ ಬೆರಳುದ್ದದ ಪ್ಲಾಸ್ಟಿಕ್ ಕಡ್ಡಿ ತೋರಿಸಿ, "ಇಂಥಾದ್ದೇ ಸ್ಟೀಲಿನಾಗ ಒಂದು ಮಾಡಿಕೊಡಪಾ, ಲೈಸೆನ್ಸ್ ಐತಿ ನಂದು" ಅನ್ನುತ್ತಾರೆ. ಅದು ಪಿಸ್ತೂಲಿನ ಸ್ಪ್ರಿಂಗಿನ ಗೈಡ್ ರಾಡು. "ಆಗಂಗಿಲ್ರೀ ಗೌಡ್ರೇ" ಎಂದುಬಿಡುವುದೇ ಕ್ಷೇಮ.

ಯಾಕೆಂದರೆ ಗೌಡರ ಲೈಸೆನ್ಸು ಪಿಸ್ತೂಲು ಇಟ್ಟುಕೊಳ್ಳಲಿಕ್ಕೆ. ಅದನ್ನು ರಿಪೇರಿ ಮಾಡುವವನಿಗೆ, ಮಾರುವವನಿಗೆ ಬೇರೆಯೇ ಲೈಸೆನ್ಸು ಬೇಕೆಂದು 1959ರ ಆಯುಧ ಕಾಯ್ದೆಯ 5ನೇ ಕಲಮು ಹೇಳುತ್ತದೆ. ಬಂದೂಕು ಎಂದರೆ ಅದರ ಬಿಡಿಭಾಗಗಳೂ ಸೇರಿದವು ಎಂಬ ವ್ಯಾಖ್ಯೆಯೂ ಅದೇ ಕಾಯ್ದೆಯಲ್ಲಿದೆ. 2019ರ ತಿದ್ದುಪಡಿಯ ನಂತರ ಇದಕ್ಕೆ ಕಡಿಮೆಯೆಂದರೆ 7 ವರ್ಷ ಸಜೆ, ಹೆಚ್ಚೆಂದರೆ ಜೀವಾವಧಿ, ಮೇಲೆ ದಂಡ. ಅರ್ಧ ಗಂಟೆಯ ಕೂಲಿಗೆ ಏಳು ವರ್ಷ! ಗೌಡರ ಸ್ನೇಹ ಅಷ್ಟು ತುಟ್ಟಿಯಾಗಬಾರದು.

ಇಷ್ಟಕ್ಕೂ ಆ ರಾಡಿನ ಕೆಲಸವೇನು? ಗುಂಡು ಹಾರಿದೊಡನೆ ಪಿಸ್ತೂಲಿನ ಮೇಲಿನ ಸ್ಲೈಡು ಹಿಂದಕ್ಕೆ ಜಿಗಿಯುತ್ತದೆ. ಅದನ್ನು ಮತ್ತೆ ಮುಂದಕ್ಕೆ ತಳ್ಳುವುದು ಸ್ಪ್ರಿಂಗು. ಆ ಸ್ಪ್ರಿಂಗು ಸೊಟ್ಟಗಾಗದಂತೆ ಒಳಗೆ ನಿಂತಿರುವುದು ರಾಡು. ಅಷ್ಟೇ. ಸ್ಲೈಡನ್ನು ತಳ್ಳುವ ಬಲವೆಲ್ಲ ಸ್ಪ್ರಿಂಗಿನದು, ಬಳಕೆಯಲ್ಲಿ ಸೋಲುವುದೂ ಅದೇ. ಸ್ಲೈಡು ಪೂರ್ತಿ ಮುಂದಕ್ಕೆ ಬಂದು ಕೂಡದೆ ನಿಂತರೆ, ಖಾಲಿ ತೋಟಾ ಮೊದಲಿಗಿಂತ ದೂರ ಹಾರಿ ಬಿದ್ದರೆ ಮೊದಲು ಸ್ಪ್ರಿಂಗನ್ನು ಅನುಮಾನಿಸಬೇಕು. ರಾಡು ಬದಲಿಸಿ ಸ್ಪ್ರಿಂಗು ಹಳೆಯದೇ ಬಿಟ್ಟರೆ ಎತ್ತು ಸೋತಿದ್ದಕ್ಕೆ ನೊಗ ಬದಲಿಸಿದಂತೆ.

ಪ್ಲಾಸ್ಟಿಕ್ ಎಂದೊಡನೆ ಮೂಗು ಮುರಿಯುವವರಿದ್ದಾರೆ. 1982ರಲ್ಲಿ ಆಸ್ಟ್ರಿಯಾದ ಸೈನ್ಯ ಒಪ್ಪಿಕೊಂಡ ಗ್ಲಾಕ್ ಪಿಸ್ತೂಲಿನ ರಾಡು ಪ್ಲಾಸ್ಟಿಕ್ಕಿನದೇ. ಅಮೆರಿಕದ ಸೈನ್ಯ 1911ರಿಂದ 1985ರವರೆಗೆ ಸೊಂಟಕ್ಕೆ ಕಟ್ಟಿದ ಕೋಲ್ಟ್ ಪಿಸ್ತೂಲಿನಲ್ಲಿ ಇದ್ದದ್ದು ಗಿಡ್ಡನೆಯ ರಾಡು. ಉದ್ದನೆಯದು ಆಮೇಲೆ ಪಂದ್ಯದಲ್ಲಿ ಗುರಿ ಹೊಡೆಯುವವರು ತಂದ ಶೋಕಿ. ಅವರೇ ಟಂಗ್‌ಸ್ಟನ್ ರಾಡನ್ನೂ ಹಾಕುತ್ತಾರೆ. ಅದು ಸ್ಟೀಲಿಗಿಂತ ಸುಮಾರು ಎರಡೂವರೆ ಪಟ್ಟು ತೂಕ. ಮುಂದಿನ ಭಾರಕ್ಕೆ ಮೂತಿ ಮೇಲಕ್ಕೆ ಎಗರುವುದು ತುಸು ಕಡಿಮೆಯಾಗುತ್ತದೆ. ದಿನಕ್ಕೆ ನೂರಾರು ಗುಂಡು ಹಾರಿಸುವವನಿಗೆ ಅದು ಲೆಕ್ಕ. ತಿಜೋರಿಯಲ್ಲಿಟ್ಟು ವರ್ಷಕ್ಕೊಮ್ಮೆ ಎಣ್ಣೆ ಒರೆಸುವವರಿಗೆ ಯಾಕೆ ಬೇಕು?

ನಮ್ಮ ಕಡೆಯ ಪಿಸ್ತೂಲುಗಳಿಗೆ ವಿಶ್ರಾಂತಿಯೇ ಹೆಚ್ಚು. ಚುನಾವಣೆ ಬಂತೆಂದರೆ ಆಯುಧ ಠಾಣೆಗೆ ಒಪ್ಪಿಸಿರೆಂಬ ಆದೇಶ ಬರುತ್ತದೆ. ಮಸ್ಕಿಯವರಂತೂ 2021ರ ಏಪ್ರಿಲ್‌ನಲ್ಲಿ ಉಪಚುನಾವಣೆ, 2023ರ ಮೇನಲ್ಲಿ ವಿಧಾನಸಭೆ, 2024ರ ಮೇನಲ್ಲಿ ಲೋಕಸಭೆ, ಹೀಗೆ ಮೂರನ್ನು ಕಂಡರು. ಸುಮ್ಮನೆ ಮಲಗಿದ ಮಾತ್ರಕ್ಕೆ ಸ್ಪ್ರಿಂಗು ಬೇಗ ಸೋಲುವುದಿಲ್ಲ. ಠಾಣೆಯಿಂದ ಬಿಡಿಸಿಕೊಂಡಾಗ ತುಕ್ಕು ಹಿಡಿದಿದೆಯೇ ನೋಡಿಕೊಂಡರೆ ಸಾಕು.

ಬದಲಿಸಲೇಬೇಕೆಂದರೆ ಲೈಸೆನ್ಸಿರುವ ಆಯುಧ ವ್ಯಾಪಾರಿಯೇ ಗತಿ. ಲೈಸೆನ್ಸ್ ಪುಸ್ತಕ ಜೊತೆಗಿರಲಿ. ಪಿಸ್ತೂಲು ಮಾಡಿದ ಕಾರ್ಖಾನೆ, ಮಾದರಿ ಎರಡನ್ನೂ ಹೇಳಿ ಅದಕ್ಕೇ ಆದ ರಾಡು, ಸ್ಪ್ರಿಂಗು ಕೇಳಬೇಕು. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ .32 ಪಿಸ್ತೂಲಿಗೆ ವಿದೇಶಿ ಪಿಸ್ತೂಲಿನ ರಾಡು "ಹೆಚ್ಚುಕಡಿಮೆ ಕೂಡತೈತಿ" ಎಂದು ತುರುಕುವಂತಿಲ್ಲ. ಕೂದಲೆಳೆ ಹೆಚ್ಚಾದರೂ ಸ್ಪ್ರಿಂಗು ಉಜ್ಜಿ ಸ್ಲೈಡು ಅರ್ಧಕ್ಕೆ ನಿಲ್ಲುತ್ತದೆ.

ಕಾನ್ಪುರದ .32 ರಿವಾಲ್ವರ್ ಕೊಂಡವರಿಗೆ ಈ ತಾಪತ್ರಯವೇ ಇಲ್ಲ. ಅದಕ್ಕೆ ಸ್ಲೈಡೂ ಇಲ್ಲ, ಈ ರಾಡೂ ಇಲ್ಲ.