‘ವಾಕರ್’ ಎಂದರೆ ನಡೆಯುವವನಲ್ಲ, ಬಟ್ಟೆ ತುಳಿಯುವವನು!

ತಲೆಗೆ ಉದ್ದನೆಯ ಟೋಪಿ, ಕೈಯಲ್ಲಿ ಬೆತ್ತ, ದಾಪುಗಾಲು. ಜಾನಿ ವಾಕರ್ ವಿಸ್ಕಿ ಬಾಟಲಿಯ ಮೇಲಿನ ಈ ಮನುಷ್ಯನ ಚಿತ್ರ ಜಗತ್ಪ್ರಸಿದ್ಧ. ಚಿತ್ರಕಾರ ಟಾಮ್ ಬ್ರೌನ್ 1908ರಲ್ಲಿ ಇದನ್ನು ಬರೆದಾಗ ‘ವಾಕರ್’ ಎಂದರೆ ನಡೆಯುವವನು ಎಂಬ ಅರ್ಥವೇ ಎಲ್ಲರಿಗೂ ಸಹಜವಾಗಿ ತೋರಿತ್ತು. ಆದರೆ ಈ ಉಪನಾಮದ ಮೂಲ ಪುರುಷ ದಾರಿ ಸವೆಸಿದವನಲ್ಲ. ಆತ ನಿಂತಲ್ಲೇ ನಿಂತು, ದುರ್ನಾತದ ತೊಟ್ಟಿಯೊಳಗೆ ದಿನವಿಡೀ ಉಣ್ಣೆಯ ಬಟ್ಟೆ ತುಳಿದ ಕಾರ್ಮಿಕ.

ಇಂಗ್ಲೆಂಡಿನ ಅತ್ಯಂತ ಸಾಮಾನ್ಯ ಉಪನಾಮಗಳ ಪಟ್ಟಿಯಲ್ಲಿ ವಾಕರ್ ಮೊದಲ ಇಪ್ಪತ್ತರೊಳಗೆ ಬರುತ್ತದೆ. ಸ್ಮಿತ್ ಎಂದರೆ ಕಮ್ಮಾರ, ಟೇಲರ್ ಎಂದರೆ ದರ್ಜಿ ಎಂಬುದು ಬಹುತೇಕರಿಗೆ ಗೊತ್ತು. ವಾಕರ್ ಕೂಡ ಅದೇ ಸಾಲಿಗೆ ಸೇರಿದ ಕಸುಬಿನ ಹೆಸರೆಂಬುದು ಮಾತ್ರ ಇಂಗ್ಲಿಷರಲ್ಲೇ ಅನೇಕರಿಗೆ ಮರೆತುಹೋಗಿದೆ.

ತೊಟ್ಟಿಯಲ್ಲಿ ನಿಂತವರು

ಮಗ್ಗದಿಂದ ಆಗಷ್ಟೇ ಇಳಿದ ಉಣ್ಣೆ ಬಟ್ಟೆ ಹಾಗೆಯೇ ತೊಡಲು ಬರುವಂಥದ್ದಲ್ಲ. ನೇಯ್ಗೆ ಸಡಿಲವಾಗಿರುತ್ತದೆ. ನೂಲಿನಲ್ಲಿ ಜಿಡ್ಡು ಉಳಿದಿರುತ್ತದೆ. ಜಿಡ್ಡು ತೆಗೆದು, ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುವಂತೆ ಮಾಡಿದರೆ ಮಾತ್ರ ಅದು ಚಳಿಗಾಳಿಯನ್ನು ತಡೆಯಬಲ್ಲದು.

ಇದಕ್ಕಾಗಿ ಬಟ್ಟೆಯನ್ನು ನೀರು ತುಂಬಿದ ತೊಟ್ಟಿಗೆ ಹಾಕಿ ಕಾಲಿನಿಂದ ತುಳಿಯಲಾಗುತ್ತಿತ್ತು. ಜಿಡ್ಡು ಬಿಡಿಸಲು ಅಮೋನಿಯಾ ಬೇಕು. ಸಾಬೂನು ದುಬಾರಿಯಾಗಿದ್ದ ಆ ಕಾಲದಲ್ಲಿ ಅಮೋನಿಯಾಕ್ಕೆ ಸುಲಭ ಮೂಲವೆಂದರೆ ಮನೆಮನೆಗಳಿಂದ ಸಂಗ್ರಹಿಸಿ ಹಳಸಲು ಬಿಟ್ಟ ಮೂತ್ರ. ಅದರ ಜತೆಗೆ ಜಿಡ್ಡು ಹೀರುವ ಜೇಡಿಮಣ್ಣನ್ನೂ ಬಳಸುತ್ತಿದ್ದರು. ನಮ್ಮಲ್ಲಿ ಮುಖದ ಲೇಪಕ್ಕೆ ಬಳಸುವ ಮುಲ್ತಾನಿ ಮಿಟ್ಟಿಯನ್ನು ಇಂಗ್ಲಿಷಿನಲ್ಲಿ ಇಂದಿಗೂ ‘ಫುಲ್ಲರ್ಸ್ ಅರ್ತ್’, ಅಂದರೆ ಫುಲ್ಲರನ ಮಣ್ಣು, ಎಂದು ಕರೆಯುವುದು ಇದೇ ಕಾರಣಕ್ಕೆ.

ತುಳಿದ ಬಟ್ಟೆಯನ್ನು ತೊಳೆದು, ಬಯಲಿನಲ್ಲಿ ನಿಲ್ಲಿಸಿದ ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ ಬಿಗಿಯಾಗಿ ಎಳೆದು ಒಣಗಿಸುತ್ತಿದ್ದರು. ಆ ಕೊಕ್ಕೆಗಳಿಗೆ ‘ಟೆಂಟರ್ ಹುಕ್ಸ್’ ಎಂದು ಹೆಸರು. ಫಲಿತಾಂಶಕ್ಕಾಗಿ ಜೀವ ಬಿಗಿಹಿಡಿದು ಕಾಯುವವರನ್ನು ‘ಟೆಂಟರ್ ಹುಕ್ಸ್ ಮೇಲಿದ್ದಾರೆ’ ಎನ್ನುವ ಇಂಗ್ಲಿಷ್ ನುಡಿಗಟ್ಟು ಹುಟ್ಟಿದ್ದು ಈ ಬಯಲಿನಲ್ಲೇ.

ಒಂದು ಕಸುಬು, ಮೂರು ಹೆಸರು

ಇದೇ ಕೆಲಸ ಮಾಡುವವನಿಗೆ ಇಂಗ್ಲೆಂಡಿನ ಮೂರು ಭಾಗಗಳಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲಿ ಹಾಗೂ ಮಧ್ಯಭಾಗದಲ್ಲಿ ಆತ ವಾಕರ್. ಹೊರಳಿಸು, ಅತ್ತಿತ್ತ ಉರುಳಿಸು ಎಂಬ ಅರ್ಥದ ಹಳೆಯ ಇಂಗ್ಲಿಷ್ ಕ್ರಿಯಾಪದ ಇದರ ಮೂಲ. ದಕ್ಷಿಣ ಮತ್ತು ಪೂರ್ವ ಭಾಗಗಳಲ್ಲಿ ಆತ ಫುಲ್ಲರ್. ಇದು ಲ್ಯಾಟಿನ್ನಿನ ‘ಫುಲ್ಲೊ’ ಪದದಿಂದ ಬಂದದ್ದು. ಡೆವನ್, ಸಾಮರ್‌ಸೆಟ್‌ಗಳನ್ನೊಳಗೊಂಡ ನೈರುತ್ಯದಲ್ಲಿ ಆತ ಟಕ್ಕರ್. ಈ ಪದದ ಮೂಲದಲ್ಲಿ ಪೀಡಿಸು, ಹಿಂಸಿಸು ಎಂಬ ಅರ್ಥವಿದೆ. ತುಳಿತಕ್ಕೊಳಗಾದ ಬಟ್ಟೆಯ ಸ್ಥಿತಿಯನ್ನು ನೆನೆದರೆ ಈ ಅರ್ಥ ಅಚ್ಚರಿಯೇನಲ್ಲ.

14ನೇ ಶತಮಾನದ ಕೊನೆಯಲ್ಲಿ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಬೈಬಲನ್ನು ಇಂಗ್ಲಿಷಿಗೆ ತಂದಾಗ ಈ ಕಸುಬಿನವನನ್ನು ಹೆಸರಿಸಲು ಫುಲ್ಲರ್ ಮತ್ತು ವಾಕರ್ ಎರಡನ್ನೂ ಬಳಸಿದ್ದಾರೆ. ಒಂದು ಪದವನ್ನಷ್ಟೇ ಬರೆದರೆ ಇಡೀ ದೇಶಕ್ಕೆ ಅರ್ಥವಾಗದ ಸ್ಥಿತಿ ಆಗಿತ್ತು.

ಗಡಿಯಾಚೆಯೂ ಈ ಕಸುಬು ಗುರುತು ಬಿಟ್ಟಿದೆ. ಸ್ಕಾಟ್ಲೆಂಡಿನಲ್ಲಿ ‘ಬಟ್ಟೆ ತುಳಿಯುವವನ ಮಗ’ ಎಂಬ ಅರ್ಥದ ಗೇಲಿಕ್ ಉಪನಾಮವಿದ್ದ ಕೆಲವು ಮನೆತನಗಳು ಕಾಲಾನಂತರ ವಾಕರ್ ಎಂದೇ ಬರೆದುಕೊಂಡವು. ವೇಲ್ಸ್‌ನಲ್ಲಿ ‘ಪಂಡಿ’ ಎಂಬ ಊರ ಹೆಸರು ಸಾಮಾನ್ಯ. ಬಟ್ಟೆ ಕುಟ್ಟುವ ಗಿರಣಿ ಎಂಬುದೇ ಅದರ ಅರ್ಥ.

ಕಾಲಿನ ಬದಲು ಗಿರಣಿ

ಕುತೂಹಲದ ಸಂಗತಿಯೆಂದರೆ, ಈ ಹೆಸರುಗಳು ವಂಶಕ್ಕೆ ಅಂಟಿಕೊಳ್ಳುತ್ತಿದ್ದ ಕಾಲದಲ್ಲೇ ಕಾಲಿನ ಕೆಲಸವನ್ನು ಯಂತ್ರ ಕಿತ್ತುಕೊಳ್ಳತೊಡಗಿತ್ತು.

ಆರಂಭದಲ್ಲಿ ಉಪನಾಮ ವ್ಯಕ್ತಿಗಷ್ಟೇ ಸೀಮಿತವಾಗಿತ್ತು. ಒಂದೇ ಊರಿನಲ್ಲಿ ಜಾನ್ ಎಂಬ ಹೆಸರಿನ ಹತ್ತು ಮಂದಿಯಿದ್ದರೆ ಅವರನ್ನು ಕಸುಬಿನಿಂದಲೋ ಊರಿನಿಂದಲೋ ತಂದೆಯ ಹೆಸರಿನಿಂದಲೋ ಗುರುತಿಸುವುದು ಅನಿವಾರ್ಯ. ವಾಕರನ ಮಗ ರೊಟ್ಟಿ ಸುಡುವ ಕೆಲಸ ಹಿಡಿದರೆ ಆತ ಬೇಕರ್ ಆಗಬಹುದಿತ್ತು. ಆಸ್ತಿಯ ದಾಖಲೆಗಳು, ನ್ಯಾಯಾಲಯದ ಕಡತಗಳು, ತೆರಿಗೆ ಪಟ್ಟಿಗಳು ಹೆಚ್ಚಿದಂತೆ ಹೆಸರು ತಂದೆಯಿಂದ ಮಗನಿಗೆ ಇಳಿಯತೊಡಗಿತು. 1400ರ ಸುಮಾರಿಗೆ ಇಂಗ್ಲೆಂಡಿನ ಬಹುಪಾಲು ಕುಟುಂಬಗಳಿಗೆ ಸ್ಥಿರವಾದ ಉಪನಾಮಗಳಿದ್ದವು.

ಅಷ್ಟರಲ್ಲಿ ನೀರಿನ ಗಿರಣಿಗಳು ಬಂದಾಗಿತ್ತು. ಇಂಗ್ಲೆಂಡಿನಲ್ಲಿ ಬಟ್ಟೆ ಕುಟ್ಟುವ ಗಿರಣಿಯ ಅತಿ ಹಳೆಯ ದಾಖಲೆಗಳಲ್ಲಿ 1185ರ ಟೆಂಪ್ಲರ್ ಪಂಥದ ಆಸ್ತಿ ಸಮೀಕ್ಷೆ ಮುಖ್ಯವಾದದ್ದು. ಹೊಳೆಯ ನೀರು ಚಕ್ರವನ್ನು ತಿರುಗಿಸುತ್ತದೆ, ಚಕ್ರದ ದಿಂಡು ಭಾರವಾದ ಮರದ ಕೊಡತಿಗಳನ್ನು ಎತ್ತಿ ಬಟ್ಟೆಯ ಮೇಲೆ ಬೀಳಿಸುತ್ತದೆ. ಹಲವರು ತುಳಿಯಬೇಕಿದ್ದ ಬಟ್ಟೆಗೆ ಈಗ ಉಸ್ತುವಾರಿಗೆ ಒಬ್ಬನಿದ್ದರೆ ಸಾಕು.

ಇತಿಹಾಸಕಾರ್ತಿ ಎಲಿನೋರಾ ಕಾರಸ್ ವಿಲ್ಸನ್ 1941ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ‘13ನೇ ಶತಮಾನದ ಕೈಗಾರಿಕಾ ಕ್ರಾಂತಿ’ ಎಂದೇ ಕರೆದರು. ಉದ್ಯಮವು ಹಳೆಯ ಪಟ್ಟಣಗಳನ್ನು ಬಿಟ್ಟು ಹೊಳೆಗಳಿರುವ ಹಳ್ಳಿಗಾಡಿನತ್ತ ಸರಿಯಲು ಗಿರಣಿಯೇ ಕಾರಣ ಎಂಬುದು ಅವರ ವಾದ. ಗಿರಣಿಯ ಪ್ರಭಾವ ಅಷ್ಟು ವ್ಯಾಪಕವಾಗಿತ್ತೆಂಬುದನ್ನು ನಂತರದ ಕೆಲವು ವಿದ್ವಾಂಸರು ಒಪ್ಪಿಲ್ಲ. ಆದರೆ ಬದಲಾವಣೆ ಸಂಘರ್ಷವಿಲ್ಲದೆ ಬರಲಿಲ್ಲ ಎಂಬುದಕ್ಕೆ ಸಾಕ್ಷ್ಯಗಳಿವೆ.

ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಗಿರಣಿಯ ಒಡೆತನ ಅಲ್ಲಿನ ಮಠದ್ದಾಗಿತ್ತು. ಊರಿನವರು ಬಟ್ಟೆಯನ್ನು ಅಲ್ಲಿಗೇ ತಂದು ಶುಲ್ಕ ತೆರಬೇಕೆಂಬುದು ಮಠಾಧಿಪತಿಯ ಕಟ್ಟಳೆ. ಮನೆಯಲ್ಲೇ ಪುಕ್ಕಟೆಯಾಗಿ ತುಳಿದುಕೊಳ್ಳುತ್ತಿದ್ದ ಜನ ಇದನ್ನು ವಿರೋಧಿಸಿದರು. 1270ರ ದಶಕದಲ್ಲಿ ವಿವಾದ ರಾಣಿ ಎಲಿನಾರ್‌ಳ ಬಳಿಗೂ ರಾಜನ ನ್ಯಾಯಾಲಯಕ್ಕೂ ಹೋಯಿತು. ಗೆದ್ದದ್ದು ಮಠ. ಸ್ವಂತ ಕಾಲಿನಿಂದ ಸ್ವಂತ ಬಟ್ಟೆಯನ್ನು ತುಳಿಯುವುದೇ ಅಲ್ಲಿ ಅಪರಾಧವಾಯಿತು.

ಲಂಡನ್ನಿನಲ್ಲೂ ಅಸಮಾಧಾನ ಹೊಗೆಯಾಡಿತು. ನಗರದ ಬಟ್ಟೆಯನ್ನು ಹೊರಗಿನ ಗಿರಣಿಗಳಿಗೆ ಕಳಿಸುವುದಕ್ಕೆ 1298ರಲ್ಲಿ ಅಲ್ಲಿ ನಿರ್ಬಂಧ ಹೇರಲಾಯಿತು. ಆದರೂ ಗಿರಣಿಯನ್ನು ತಡೆಯಲಾಗಲಿಲ್ಲ. 1528ರಲ್ಲಿ ಲಂಡನ್ನಿನ ಫುಲ್ಲರ್‌ಗಳ ಸಂಘವು ಬಟ್ಟೆಯ ಜುಂಗು ಕತ್ತರಿಸುವವರ ಸಂಘದೊಡನೆ ವಿಲೀನಗೊಂಡಿತು. ಎಕ್ಸಿಟರ್ ನಗರದಲ್ಲಿ 1471ರಲ್ಲಿ ಕಟ್ಟಿದ ‘ಟಕ್ಕರ್ಸ್ ಹಾಲ್’ ಮಾತ್ರ ಇಂದಿಗೂ ನಿಂತಿದೆ.

ಹೆಸರಿಗೆ ಹೊಸ ಅರ್ಥ

ಕಸುಬು ಕಣ್ಮರೆಯಾದಂತೆ ಹೆಸರಿನ ಅರ್ಥವೂ ಸವೆಯಿತು. ಫುಲ್ಲರ್, ಟಕ್ಕರ್ ಪದಗಳು ಬರಿಯ ಹೆಸರುಗಳಾಗಿ ಉಳಿದವು. ವಾಕರ್ ಮಾತ್ರ ‘ನಡೆಯುವವನು’ ಎಂಬ ಬೇರೆಯದೇ ಅರ್ಥವನ್ನು ಹೊದ್ದುಕೊಂಡಿತು. ಅಲ್ಲಿಂದ ಅದು ವಿಸ್ಕಿಗೂ, ವಿಸ್ಕಿಯಿಂದ ಮುಂಬೈ ಚಿತ್ರರಂಗಕ್ಕೂ ದಾಟಿತು. ಬಸ್ ಕಂಡಕ್ಟರ್ ಆಗಿದ್ದ ಬದ್ರುದ್ದೀನ್ ಕಾಜಿ ಅವರಿಗೆ ಗುರುದತ್ ಇಟ್ಟ ಹೆಸರೇ ಜಾನಿ ವಾಕರ್.

ಅಮೆರಿಕದಲ್ಲಿ ಈ ಹೆಸರಿಗೆ ದೊರೆತ ಅರ್ಥ ಇನ್ನಷ್ಟು ಗಂಭೀರವಾದದ್ದು. ಅಲ್ಲಿ ವಾಕರ್ ಎಂಬ ಉಪನಾಮ ಕಪ್ಪು ಜನರಲ್ಲೂ ವ್ಯಾಪಕವಾಗಿದೆ. ‘ದಿ ಕಲರ್ ಪರ್ಪಲ್’ ಕಾದಂಬರಿಗೆ 1983ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಆಲಿಸ್ ವಾಕರ್, ಮದುವೆಯ ನಂತರವೂ ತವರಿನ ಈ ಹೆಸರನ್ನು ಉಳಿಸಿಕೊಂಡರು. ಗುಲಾಮಳಾಗಿದ್ದ ಅವರ ಪೂರ್ವಜೆಯೊಬ್ಬಳು ಎರಡು ಹಸುಗೂಸುಗಳನ್ನು ಸೊಂಟದ ಮೇಲೆ ಹೊತ್ತು ವರ್ಜೀನಿಯಾದಿಂದ ಜಾರ್ಜಿಯಾದವರೆಗೆ ಕಾಲ್ನಡಿಗೆಯಲ್ಲಿ ಸಾಗಬೇಕಾಯಿತು. ಆ ನಡಿಗೆಯ ನೆನಪಿಗಾಗಿಯೇ ಹೆಸರನ್ನು ಉಳಿಸಿಕೊಂಡೆನೆಂದು ಲೇಖಕಿ ಬರೆದಿದ್ದಾರೆ.

ನಿಘಂಟಿನ ಪ್ರಕಾರ ಈ ಹೆಸರಿಗೂ ನಡಿಗೆಗೂ ಸಂಬಂಧವಿಲ್ಲದಿರಬಹುದು. ಆದರೆ ತೊಟ್ಟಿಯಲ್ಲಿ ಬಟ್ಟೆ ತುಳಿದ ಅನಾಮಿಕರಿಂದ ಹುಟ್ಟಿದ ಹೆಸರು, ಮತ್ತೊಬ್ಬ ಶ್ರಮಜೀವಿಯ ಕಾಲುಗಳ ನೆನಪಿಗೆ ಸಲ್ಲುವುದರಲ್ಲಿ ಅನುಚಿತವಾದದ್ದೇನೂ ಇಲ್ಲ.