ಬಿಗಿ ಮುಚ್ಚಳದ ಡಬ್ಬಿಯೊಳಗೆ ಹುಳು ಹೇಗೆ ಬಂತು?

ಕಳೆದ ಮಳೆಗಾಲದಲ್ಲೊಂದು ದಿನ ಹೆಸರುಕಾಳಿನ ಡಬ್ಬಿ ತೆರೆದರೆ ಕಾಳಿಗಿಂತ ಹುಳುವೇ ಹೆಚ್ಚಾಗಿ ಕಂಡಿತು. ಅಗ್ಗದ ಡಬ್ಬಿಯೇನಲ್ಲ. ಮುಚ್ಚಳಕ್ಕೆ ರಬ್ಬರ್ ಬಳೆ, ನಾಲ್ಕೂ ಕಡೆ ಕೊಂಡಿ, ಇರುವೆಯೂ ನುಸುಳಲಾರದಷ್ಟು ಬಿಗಿ. ಹಾಗಿದ್ದರೆ ಹುಳು ಬಂದದ್ದೆಲ್ಲಿಂದ? ಅಂಗಡಿಯಿಂದ ಕಾಳಿನ ಜೊತೆ ಅದನ್ನೂ ನಾವೇ ತಂದಿದ್ದೆವು.

ಮನೆ ಕಟ್ಟಿಸುವವರು ಕಪಾಟಿನ ಬಣ್ಣ, ಹಿಡಿಕೆ, ಲ್ಯಾಮಿನೇಟ್ ಆರಿಸಲು ವಾರಗಟ್ಟಲೆ ಅಲೆಯುತ್ತಾರೆ. ಅದರೊಳಗೆ ಕೂರಬೇಕಾದ ಅಕ್ಕಿ, ಬೇಳೆ, ಖಾರದಪುಡಿಗೆ ಏನು ಬೇಕು ಎಂಬ ಪ್ರಶ್ನೆ ಕೊನೆಗೆ ಉಳಿಯುತ್ತದೆ. ದಿನಸಿಯನ್ನು ಕೆಡಿಸುವುದು ತೇವ, ಬಿಸಿ, ಬೆಳಕು, ಹುಳು, ಜೊತೆಗೆ ನಮ್ಮ ಮರೆವು. ಈ ಐದನ್ನು ದೂರವಿಡುವ ಕಪಾಟೇ ಒಳ್ಳೆಯ ಕಪಾಟು. ಈ ವಿಷಯದಲ್ಲಿ ಬಾಯಿಂದ ಬಾಯಿಗೆ ಹರಿದು ಬಂದ ಕೆಲವು ನಂಬಿಕೆಗಳನ್ನು ಸ್ವಲ್ಪ ಜರಡಿ ಹಿಡಿಯೋಣ.

ತಪ್ಪು ಕಲ್ಪನೆ 1: ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಹುಳು ಬೀಳುವುದಿಲ್ಲ.

ಸತ್ಯ: ಅಕ್ಕಿಗೆ ಬೀಳುವ ಸೊಂಡಿಲು ಹುಳು ಕಾಳನ್ನು ಕೊರೆದು ಅದರೊಳಗೇ ಮೊಟ್ಟೆಯಿಟ್ಟು, ತೂತಿಗೆ ಬಿರಟೆ ಹಾಕಿದಂತೆ ಮುಚ್ಚಿಬಿಡುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗದು. ಹೆಸರು, ಅಲಸಂದೆಗೆ ಬೀಳುವ ಹುಳು ಮೊಟ್ಟೆಯನ್ನು ಕಾಳಿನ ಸಿಪ್ಪೆಗೆ ಅಂಟಿಸುತ್ತದೆ. ಅಂಗೈಯಲ್ಲಿ ಕಾಳು ಹರಡಿಕೊಂಡು ನೋಡಿ, ಸಣ್ಣ ಬಿಳಿ ಚುಕ್ಕಿಗಳು ಕಂಡರೆ ಅವೇ. ಮೊಟ್ಟೆ ಒಳಗೇ ಇದ್ದಮೇಲೆ ಬಿಗಿ ಮುಚ್ಚಳ ಹೊಸ ಹುಳು ಬರುವುದನ್ನು ತಡೆದೀತು, ಇರುವ ಹುಳುವನ್ನಲ್ಲ.

ಹಾಗಾದರೆ ನಮ್ಮ ಹಿರಿಯರ ಹಗೇವು ವರ್ಷಗಟ್ಟಲೆ ಧಾನ್ಯ ಕಾಯುತ್ತಿದ್ದುದು ಹೇಗೆ? ನೆಲದಡಿಯ ಆ ಗುಂಡಿಯನ್ನು ಬಾಯಿತನಕ ತುಂಬಿ ಮಣ್ಣು ಮೆತ್ತಿ ಮುಚ್ಚುತ್ತಿದ್ದರು. ಒಳಗೆ ಉಳಿದ ಅಲ್ಪ ಆಮ್ಲಜನಕವನ್ನು ಧಾನ್ಯ ಮತ್ತು ಹುಳುಗಳೇ ಉಸಿರಾಡಿ ಮುಗಿಸುತ್ತಿದ್ದವು. ಇಂಗಾಲದ ಡೈಆಕ್ಸೈಡ್ ತುಂಬಿ ಹುಳು ಸಾಯುತ್ತಿತ್ತು. ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಕೆಳಗಿಳಿಯುತ್ತಿರಲಿಲ್ಲ, ಒಳಗಿನ ಗಾಳಿ ಮನುಷ್ಯರಿಗೂ ಅಪಾಯ. ಅದರಲ್ಲಿ ಹೆಚ್ಚಾಗಿ ಇರುತ್ತಿದ್ದುದು ರಾಗಿ. ರಾಗಿಯ ಕಾಳು ತೀರಾ ಸಣ್ಣದು, ಹುಳುವಿನ ಕಾಟ ಮೊದಲೇ ಕಡಿಮೆ. ನಾವು ದಿನಕ್ಕೆರಡು ಸಲ ತೆರೆಯುವ, ಅರ್ಧ ಖಾಲಿಯಾದ ಡಬ್ಬಿಯಲ್ಲಿ ಈ ಯಾವುದೂ ನಡೆಯದು.

ಮನೆಯಲ್ಲಿ ಮಾಡಬಹುದಾದದ್ದು ಇಷ್ಟು: ಒಂದು ದೊಡ್ಡ ಡಬ್ಬಿಗಿಂತ ತುಂಬಿದ ಎರಡು ಸಣ್ಣ ಡಬ್ಬಿ ಲೇಸು. ಹೊಸದಾಗಿ ತಂದ ಕಾಳನ್ನು ಬಿಗಿ ಚೀಲದಲ್ಲಿ ಕಟ್ಟಿ ನಾಲ್ಕು ದಿನ ಫ್ರೀಜರಿನಲ್ಲಿಡಿ, ಮೊಟ್ಟೆ ಸಾಯುತ್ತದೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಹೋಗುವವರೆಗೆ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಳಿನ ಮೇಲೆ ನೀರು ಕೂರುತ್ತದೆ. ರವೆಯನ್ನು ಹುರಿದು ತುಂಬಿಡುವ ಹಳೆಯ ರೂಢಿ ಇದೇ ಕೆಲಸವನ್ನು ಬಾಣಲೆಯಲ್ಲಿ ಮಾಡುತ್ತದೆ.

ತಪ್ಪು ಕಲ್ಪನೆ 2: ಒಲೆಯ ಮೇಲಿನ ಕಪಾಟು ಬೆಚ್ಚಗಿರುತ್ತದೆ, ಅಲ್ಲಿ ದಿನಸಿ ಒಣಗಿರುತ್ತದೆ.

ಸತ್ಯ: ಈ ನಂಬಿಕೆಗೆ ಬೇರು ಇದೆ. ಮಲೆನಾಡಿನ ಮನೆಗಳಲ್ಲಿ ಸೌದೆ ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲಕ್ಕೆ ಬೇಕಾದುದನ್ನೆಲ್ಲ ಇಡುತ್ತಿದ್ದರು. ಹೊತ್ತಿಡೀ ಉರಿಯುವ ಒಲೆಯ ಕಾವು, ಹುಳುವನ್ನು ಓಡಿಸುವ ಹೊಗೆ, ಆವಿಯನ್ನು ಹೊರಬಿಡುವ ಹೆಂಚಿನ ಸಂದು, ಮೂರೂ ಸೇರಿ ಕೆಲಸ ಮಾಡುತ್ತಿದ್ದವು. ಗ್ಯಾಸ್ ಒಲೆಯಲ್ಲಿ ಹೊಗೆಯಿಲ್ಲ, ಆವಿ ಮಾತ್ರ ಬೇಕಾದಷ್ಟಿದೆ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಮುಗಿಯುವಷ್ಟರಲ್ಲಿ ಅದು ಸುಮಾರು 22 ಲೀಟರ್ ನೀರಿಗೆ ಸಮ. ಅನ್ನ, ಸಾರು ಕುದಿದ ಆವಿ ಬೇರೆ. ಮೇಲೆ ಕಾಂಕ್ರೀಟ್ ಚಾವಣಿ, ಎದುರಿಗೆ ಮುಚ್ಚಿದ ಕಿಟಕಿ. ಅಲ್ಲಿಟ್ಟ ಉಪ್ಪು ನೀರೊಡೆಯುತ್ತದೆ, ಬೆಲ್ಲ ಬೆವರುತ್ತದೆ, ಎಣ್ಣೆ ಬೇಗ ಕಮಟುತ್ತದೆ. ಒಲೆಯಿಂದ ದೂರದ, ಬಿಸಿಲು ಬೀಳದ ಗೋಡೆಯೇ ದಿನಸಿಗೆ ಸರಿ. ಆ ಗೋಡೆಯ ಆಚೆಗೆ ಬಚ್ಚಲು ಇದ್ದರೆ ಅಥವಾ ಮಳೆ ನೇರ ಹೊಡೆಯುತ್ತಿದ್ದರೆ ಕಪಾಟಿನ ಹಿಂದೆ ಒಂದೆರಡು ಬೆರಳು ಸಂದು ಬಿಡಿ.

ತಪ್ಪು ಕಲ್ಪನೆ 3: ತೆರೆದ ಹಲಗೆಯ ಮೇಲೆ ಗಾಜಿನ ಜಾಡಿಗಳ ಸಾಲೇ ಅತ್ಯುತ್ತಮ.

ಸತ್ಯ: ಗಾಜು ವಾಸನೆ ಹಿಡಿಯುವುದಿಲ್ಲ, ಏನು ಮುಗಿದಿದೆ ಎಂದು ಕಣ್ಣಿಗೆ ಕಾಣುತ್ತದೆ. ಆದರೆ ಕಣ್ಣಿಗೆ ಕಾಣುವುದೆಲ್ಲ ಬೆಳಕಿಗೂ ಸಿಗುತ್ತದೆ. ಅರಿಶಿನದ ಹಳದಿ, ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಎರಡೂ ಬೆಳಕಿಗೆ ಕಂದುತ್ತವೆ. ಬ್ಯಾಡಗಿಯನ್ನು ನಾವು ಕೊಳ್ಳುವುದೇ ಬಣ್ಣಕ್ಕಾಗಿ. ಗಾಜಿನ ಜಾಡಿ ಬೇಕೇ ಬೇಕೆಂದರೆ ಬಾಗಿಲಿರುವ ಕಪಾಟಿನೊಳಗಿಡಿ.

ತಪ್ಪು ಕಲ್ಪನೆ 4: ಹಲಗೆ ಆಳವಾದಷ್ಟೂ, ಉದ್ದವಾದಷ್ಟೂ ಲಾಭ.

ಸತ್ಯ: ಎರಡಡಿ ಆಳದ ಹಲಗೆಯಲ್ಲಿ ಹಿಂದಿನ ಸಾಲು ಮರೆವಿನ ಸಾಲು. ಹೋದ ವರ್ಷದ ಹುರಿಗಡಲೆ ಸಿಗುವುದು ಅಲ್ಲೇ. ದಿನಸಿಗೆ ಒಂದಡಿ, ಹೆಚ್ಚೆಂದರೆ ಒಂದೂಕಾಲು ಅಡಿ ಆಳ ಸಾಕು. ಅದಕ್ಕಿಂತ ಆಳ ಬೇಕಾದ ಕಡೆ ಎಳೆಯುವ ಡ್ರಾಯರ್ ಹಾಕಿಸಿ.

ಉದ್ದದ ಲೆಕ್ಕ ಇನ್ನೂ ಕಟು. ನಮ್ಮ ಮನೆಯಲ್ಲಿ ನಡುವೆ ಆಸರೆಯಿಲ್ಲದ ನಾಲ್ಕಡಿ ಹಲಗೆಯ ಮೇಲೆ ಐದೈದು ಕಿಲೋದ ಆರು ಡಬ್ಬಿ ಇಟ್ಟಿದ್ದೆವು. ವರ್ಷ ತುಂಬುವುದರೊಳಗೆ ಹಲಗೆ ತೊಟ್ಟಿಲಿನಂತೆ ಬಾಗಿ, ಕೆಳಗಿನ ಬಾಗಿಲು ತೆರೆಯದಾಯಿತು. ಹಲಗೆಯ ಉದ್ದ ಎರಡು ಪಟ್ಟಾಗಿ, ಅಷ್ಟೇ ಒತ್ತಾಗಿ ಡಬ್ಬಿ ಜೋಡಿಸಿದರೆ ಅದು ಬಾಗುವುದು 16 ಪಟ್ಟು. ದಪ್ಪವನ್ನು 12 ಮಿ.ಮೀ.ನಿಂದ 18ಕ್ಕೆ ಏರಿಸಿದರೆ ಬಾಗು ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯುತ್ತದೆ. ಎರಡಡಿಗೊಂದು ಆಸರೆ ಕೊಟ್ಟರೆ ಈ ತಲೆನೋವೇ ಇಲ್ಲ.

ತಪ್ಪು ಕಲ್ಪನೆ 5: ಪ್ಲೈವುಡ್ ಎಂದರೆ ಸಾಕು, ಎಲ್ಲವೂ ವಾಟರ್‌ಪ್ರೂಫ್. ಕಡಪ ಕಲ್ಲು ಹಳೆಯ ಕಾಲದ್ದು.

ಸತ್ಯ: ಅಂಗಡಿಯವರ ಬಾಯಲ್ಲಿ ಎಲ್ಲವೂ ವಾಟರ್‌ಪ್ರೂಫ್. ನೀವು ನೋಡಬೇಕಾದದ್ದು ಹಲಗೆಯ ಮೇಲಿನ ಮುದ್ರೆ. ಎಂಆರ್ ಎಂದಿದ್ದರೆ ಅದು ತೇವಾಂಶವನ್ನಷ್ಟೇ ತಾಳುತ್ತದೆ, ನೀರನ್ನಲ್ಲ. ಐಎಸ್ 710 ಎಂದಿದ್ದರೆ ಮರೈನ್ ಪ್ಲೈ, ಅದರ ಅಂಟಿಗೆ 72 ಗಂಟೆ ಕುದಿನೀರಿನ ಪರೀಕ್ಷೆಯಿದೆ. ಸಿಂಕ್ ಪಕ್ಕದ ಕಪಾಟಿಗೆ ಅದೇ ಬೇಕು. ಪಾರ್ಟಿಕಲ್ ಬೋರ್ಡ್ ಅಂಚಿನಿಂದ ನೀರು ಕುಡಿದು ಊದಿಕೊಂಡರೆ ಮತ್ತೆ ಸರಿಹೋಗದು. ಕಡಪ ಕಲ್ಲಿನ ಹಲಗೆ ಊದುವುದಿಲ್ಲ, ಗೆದ್ದಲಿಗೆ ಬಗ್ಗುವುದಿಲ್ಲ, ಅಕ್ಕಿ ಮೂಟೆಯ ಭಾರಕ್ಕೆ ಅಂಜುವುದಿಲ್ಲ. ಅದಕ್ಕೊಂದೇ ದೌರ್ಬಲ್ಯ: ಅದು ಸುಣ್ಣದಕಲ್ಲಿನ ಜಾತಿ, ಹುಣಸೆ ಹುಳಿ, ನಿಂಬೆರಸ ಚೆಲ್ಲಿದರೆ ಕಲೆ ಕಚ್ಚುತ್ತದೆ. ಉಪ್ಪಿನಕಾಯಿ ಜಾಡಿಯ ಕೆಳಗೆ ಒಂದು ತಟ್ಟೆ ಇಟ್ಟರಾಯಿತು.

ತಪ್ಪು ಕಲ್ಪನೆ 6: ಅಯಸ್ಕಾಂತ ಅಂಟಿದರೆ ಕಳಪೆ ಸ್ಟೀಲ್, ಅಂಟದಿದ್ದರೆ ಅಸಲಿ.

ಸತ್ಯ: 304 ದರ್ಜೆಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ನಿಕ್ಕಲ್ ಕಡಿಮೆಯಿರುವ ಅಗ್ಗದ 202ಕ್ಕೂ ಅಂಟುವುದಿಲ್ಲ. ಅಂಟುವ 430 ಕೂಡ ಸ್ಟೇನ್‌ಲೆಸ್ ಸ್ಟೀಲೇ. ಬುಟ್ಟಿ, ರ್‍ಯಾಕ್ ಕೊಳ್ಳುವಾಗ ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಯಾವ ದರ್ಜೆಯಾದರೂ ಉಪ್ಪು, ಉಪ್ಪಿನಕಾಯಿಗೆ ಪಿಂಗಾಣಿ ಭರಣಿಯೇ ಸರಿ, ಉಪ್ಪು ಸ್ಟೀಲನ್ನೂ ಚುಕ್ಕಿಚುಕ್ಕಿಯಾಗಿ ತಿನ್ನುತ್ತದೆ.

ತಪ್ಪು ಕಲ್ಪನೆ 7: ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಗೆ, ಮುಚ್ಚಿದ ಕಪಾಟಿಗೆ.

ಸತ್ಯ: ಎರಡಕ್ಕೂ ಗಾಳಿ ಬೇಕು. ಈರುಳ್ಳಿಗೆ ಒಣ ಜಾಗ, ಆಲೂಗಡ್ಡೆಗೆ ಕತ್ತಲೆ. ಬೆಳಕಿಗೆ ಬಿದ್ದ ಆಲೂಗಡ್ಡೆ ಹಸಿರಾಗಿ ಕಹಿ ವಿಷ ಕೂಡಿಸಿಕೊಳ್ಳುತ್ತದೆ. ಬೇರೆ ಬೇರೆ ಜಾಲರಿ ಬುಟ್ಟಿ ಇಡಿ.

ಇನ್ನು ಬಡಗಿಯನ್ನು ಕರೆಸುವ ಮೊದಲು ಒಂದು ಕೆಲಸ ಮಾಡಿ. ಮನೆಯ ಡಬ್ಬಿಗಳನ್ನೆಲ್ಲ ನೆಲಕ್ಕಿಳಿಸಿ ಸಾಲಾಗಿ ಜೋಡಿಸಿ. ಪ್ರತಿ ಸಾಲಿನ ಎತ್ತರ ಅಳೆದು, ಕೈ ಹೋಗುವಷ್ಟು ಜಾಗ ಸೇರಿಸಿ ಬರೆದಿಡಿ. ಭಾರದ್ದು ಸೊಂಟದ ಮಟ್ಟಕ್ಕೆ, ದಿನಬಳಕೆಯದು ಕಣ್ಣಿನ ಮಟ್ಟಕ್ಕೆ, ಹಬ್ಬದ ಪಾತ್ರೆ ಅಟ್ಟಕ್ಕೆ ಎಂದು ಗುರುತು ಮಾಡಿ. ಬಡಗಿ ಬಣ್ಣದ ಪುಸ್ತಕ ಬಿಚ್ಚುವ ಮೊದಲೇ ಆ ಚೀಟಿಯನ್ನು ಅವನ ಕೈಗಿಡಿ.