ಚೀಟಿಯ ಮೇಲೆ ಗೀಟು, ಅಟ್ಟದ ಮೇಲೆ ಅಡಿಕೆ

2020ರ ಏಪ್ರಿಲ್‌ನಲ್ಲಿ ಕೊಪ್ಪದ ಸುತ್ತಿನ ಅಡಿಕೆ ಮನೆಗಳ ಅಟ್ಟ ತುಂಬಿತ್ತು. ಸುಲಿದು, ಬೇಯಿಸಿ, ಒಣಗಿಸಿ, ರಾಶಿ ಇಡಿ, ಬೆಟ್ಟೆ, ಗೊರಬಲು ಅಂತ ಆರಿಸಿ ಚೀಲಕ್ಕೆ ಹೊಲಿಗೆ ಹಾಕಿಯಾಗಿತ್ತು. ಕೊರೊನಾ ಲಾಕ್‌ಡೌನ್‌ನಿಂದಾಗಿ ಮಂಡಿ ಮಾತ್ರ ಬಾಗಿಲು ಹಾಕಿತ್ತು. ಧಾರಣೆ ಬಿದ್ದರೆ ಬೆಳೆಗಾರ ಬೈದುಕೊಂಡು ಮಾರುತ್ತಾನೆ, ಇಲ್ಲವೇ ಕಾಯುತ್ತಾನೆ. ಆದರೆ ಆಗ ಧಾರಣೆಯೇ ಇರಲಿಲ್ಲ. ಮಳೆಗೆ ಮೊದಲು ಮೈಲುತುತ್ತ ತರಬೇಕು, ಔಷಧಿ ಹೊಡೆಯುವವರಿಗೆ ಮುಂಗಡ ಕೊಡಬೇಕು. ಯಾವ ಲೆಕ್ಕದ ಮೇಲೆ?

ಇದಕ್ಕೆ ಅರ್ಥಶಾಸ್ತ್ರಜ್ಞರು ಅನಿಶ್ಚಿತತೆ ಅನ್ನುತ್ತಾರೆ, ಅದನ್ನು ಅಳೆಯುತ್ತಾರೆ ಕೂಡ. ನೂರನಲವತ್ತಕ್ಕೂ ಹೆಚ್ಚು ದೇಶಗಳ ವರದಿಗಳಲ್ಲಿ ಆ ಪದ ಎಷ್ಟು ಸಲ ಬಂತೆಂದು ಎಣಿಸುವ ಜಾಗತಿಕ ಸೂಚ್ಯಂಕವೇ ಇದೆ. 2020ರ ಮೊದಲ ತ್ರೈಮಾಸಿಕದಲ್ಲಿ ಅದು ದಾಖಲೆ ಮಟ್ಟಕ್ಕೇರಿತು. ಲಾಕ್‌ಡೌನ್ ನಿರ್ಬಂಧದ ಬಿಗಿಯನ್ನು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ನೂರಕ್ಕೆ ಇಷ್ಟೆಂದು ಅಳೆದರು. ಆ ಏಪ್ರಿಲ್‌ನಲ್ಲಿ ಭಾರತಕ್ಕೆ ಪೂರ್ತಿ ನೂರು. ಏಪ್ರಿಲ್-ಜೂನ್ ತ್ರೈಮಾಸಿಕದಲ್ಲಿ ನಮ್ಮ ಜಿಡಿಪಿ ಶೇ 24ರಷ್ಟು ಕುಸಿಯಿತು. ಜನರನ್ನು ಮನೆಯೊಳಗೆ ಕೂಡಿಹಾಕದ ಸ್ವೀಡನ್ನಿಗೂ ಪೆಟ್ಟು ತಪ್ಪಲಿಲ್ಲ. ಬಾಗಿಲು ತೆರೆದಿದ್ದ ಮಾತ್ರಕ್ಕೆ ಗಿರಾಕಿ ಬರುತ್ತಾನೆಂದಲ್ಲ.

ಆದರೆ ನಮ್ಮೂರುಗಳಲ್ಲಿ ಜನರನ್ನು ಸುಸ್ತು ಮಾಡಿದ್ದು ಬಿಗಿಗಿಂತ ಹೆಚ್ಚಾಗಿ ವಾಯಿದೆ. ಶೃಂಗೇರಿಯ ಒಂದು ಲಾಡ್ಜ್‌ನ ಗೇಟಿಗೆ ಅಂಟಿಸಿದ್ದ ಚೀಟಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. 'ಏಪ್ರಿಲ್ 14ರವರೆಗೆ ರೂಂ ಇಲ್ಲ' ಎಂದು ಬರೆದು, ಅದಕ್ಕೆ ಗೀಟೆಳೆದು 'ಮೇ 3', ಅದಕ್ಕೂ ಗೀಟೆಳೆದು 'ಮೇ 17'. ಕೊನೆಗೆ ಬೇರೆ ಬಣ್ಣದ ಪೆನ್ನಿನಲ್ಲಿ 'ಮುಂದಿನ ಆದೇಶದವರೆಗೆ'. ಎರಡು ತಿಂಗಳು ಮುಚ್ಚುತ್ತೇವೆಂದು ಮೊದಲೇ ಹೇಳಿದ್ದರೆ ಕೆಲಸದವರು ಊರಿಗಾದರೂ ಹೋಗುತ್ತಿದ್ದರು. ಶಾರದಾಂಬೆಯ ದರ್ಶನ ನಿಂತರೆ ಶೃಂಗೇರಿಯಲ್ಲಿ ಹೂವಿನವಳಿಂದ ಹಿಡಿದು ಕಿಗ್ಗ, ಹೊರನಾಡಿಗೆ ಬಾಡಿಗೆ ಹೊಡೆಯುವ ಜೀಪಿನವರೆಗೆ ಎಲ್ಲವೂ ನಿಂತಂತೆ. ಜೂನ್ 8ರಿಂದ ರಾಜ್ಯದಲ್ಲಿ ದೇವಸ್ಥಾನಗಳ ಬಾಗಿಲು ತೆರೆಯಿತು, ಯಾತ್ರಿಕರು ಮಾತ್ರ ಹಿಂದಿನಂತೆ ಬರಲಿಲ್ಲ.

ವಿಚಿತ್ರವೆಂದರೆ ಮೇ 1ರ ಕೇಂದ್ರದ ಕೊರೊನಾ ವಲಯಗಳ ಪಟ್ಟಿಯಲ್ಲಿ ನಮ್ಮ ಚಿಕ್ಕಮಗಳೂರು ಜಿಲ್ಲೆ ಹಸಿರು ವಲಯ. ಕಾಯಿಲೆ ಕಾಲಿಡುವ ಮೊದಲೇ ಅದರ ನಷ್ಟ ಬಂದಿತ್ತು. ಮರುವರ್ಷ ಉಲ್ಟಾ. 2021ರ ಜೂನ್ 14ರಿಂದ ರಾಜ್ಯದ ಬಹುಪಾಲು ಜಿಲ್ಲೆಗಳಿಗೆ ಸಡಿಲಿಕೆ ಸಿಕ್ಕಾಗ ಬಿಗಿ ಮುಂದುವರಿದ 11 ಜಿಲ್ಲೆಗಳಲ್ಲಿ ನಮ್ಮದೂ ಒಂದು. ಘಟ್ಟದ ಕೆಳಗೆ ಕಾರ್ಕಳದಲ್ಲಿ ಒಂದು ಕಾನೂನು, ಕೆರೆಕಟ್ಟೆ ಹತ್ತಿ ಬಂದರೆ ಇನ್ನೊಂದು. ನರಸಿಂಹರಾಜಪುರದ ಕಡೆ ಶುಂಠಿ, ರಬ್ಬರ್ ಬೆಳೆದವರೂ ಬೆಳಗಾದರೆ ಮಳೆಗಿಂತ ಮೊದಲು ಆದೇಶ ಕೇಳಿಕೊಳ್ಳುತ್ತಿದ್ದರು.

ಇನ್ನು ಅಡಿಕೆ. 2020ರ ಏಪ್ರಿಲ್ ಮಧ್ಯದಲ್ಲಿ ಕೇಂದ್ರದ ಮಾರ್ಗಸೂಚಿ ಗುಟ್ಕಾ ಮಾರಾಟ ನಿಷೇಧಿಸಿ, ಉಗುಳುವುದಕ್ಕೆ ದಂಡ ಹೇಳಿದಾಗ ತೋಟದವರ ಎದೆ ಧಸಕ್ಕೆಂದಿತ್ತು. ನಮ್ಮ ರಾಶಿ ಇಡಿ ಹೋಗುವುದೇ ಉತ್ತರದ ಗುಟ್ಕಾ ಕಾರ್ಖಾನೆಗಳಿಗೆ. ಆದರೆ ಗಡಿಗಳು ಬಿಗಿಯಾದಾಗ ಹೊರದೇಶದ ಅಗ್ಗದ ಅಡಿಕೆ ಕಳ್ಳದಾರಿಯಲ್ಲಿ ನುಸುಳುವುದೂ ಕಷ್ಟವಾಯಿತು. ಅಡಿಕೆ ಸಹಕಾರ ಸಂಘಗಳಾದ ಮ್ಯಾಮ್‌ಕೋಸ್, ಕ್ಯಾಂಪ್ಕೊ ಖರೀದಿ ಶುರು ಮಾಡಿದವು. ಧಾರಣೆ ಮೆಲ್ಲಗೆ ಎದ್ದಿತು. 2021ರಲ್ಲಿ ಕ್ವಿಂಟಲ್‌ಗೆ ಅರ್ಧ ಲಕ್ಷ ದಾಟಿತು. ಹೆದರಿ ಮೊದಲೇ ಮಾರಿದವರು ಕೈ ಹಿಸುಕಿಕೊಂಡರು. ಅವರಲ್ಲಿ ಹೆಚ್ಚಿನವರು ಸಣ್ಣ ಹಿಡುವಳಿಯವರು, ಸೊಸೈಟಿ ಸಾಲದ ಕಂತು ಕಟ್ಟಬೇಕಾದವರು. ಕಾಯುವುದಕ್ಕೂ ಕೈಯಲ್ಲಿ ಕಾಸು ಬೇಕು.

ನಮಗೆ ಪರಿಚಯದ ಜೀಪಿನ ಡ್ರೈವರೊಬ್ಬರು ಯಾತ್ರಿಕರಿಲ್ಲದ ಆ ಮಳೆಗಾಲ ತೋಟದಲ್ಲಿ ಔಷಧಿ ಪೈಪ್ ಹಿಡಿಯಲು ಹೋದರು. ಅಡಿಕೆ ಧಾರಣೆ ಏರಿದ ಸುದ್ದಿ ಹೇಳಿದರೆ ನಕ್ಕು, 'ಹೌದಂತೆ, ನಾನು ಔಷಧಿ ಹೊಡೆದ ಮರದ್ದೇ' ಅಂದರು.